ಥೇಟ್ ರೆಕಾರ್ಡಿನ ಹಾಂಗ

ಆ ಹಾಡಿನ ಹೆಸರನ್ನು ನಮ್ಮ ಮನೆಯಲ್ಲಿ ಈಗ ಯಾರೂ ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ. ಹಳೆಯ ಹಿಂದಿ ಹಾಡು, ಕೇಳದವರಿಲ್ಲ, ಅಷ್ಟು ಹೇಳಿದರೆ ಸಾಕು. ಪಲ್ಲವಿ ಮುಗಿದು ಚರಣ ಶುರುವಾಗುವ ಮೊದಲು ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ ಗಿಟಾರ್ ಒಂದೇ ನುಡಿಯುತ್ತದೆ. ಆರ್ಕೆಸ್ಟ್ರಾದವರು ಅದಕ್ಕೆ ‘ಪೀಸ್’ ಅನ್ನುತ್ತಾರೆ. ಒಂದು ಲೋಟ ನೀರು ಕುಡಿದು ಕೆಳಗಿಡುವಷ್ಟರಲ್ಲಿ ಆ ಪೀಸ್ ಮುಗಿದೇ ಹೋಗುತ್ತದೆ. ಅಷ್ಟಕ್ಕಾಗಿ ಇವರು ಊಟ ಬಿಟ್ಟರು, ನಿದ್ದೆ ಬಿಟ್ಟರು, ಕೊನೆಗೆ ಮಾತನ್ನೂ ಬಿಟ್ಟರು. ಇವರು ಎಂದರೆ ನನ್ನ ಗಂಡ ಉತ್ತಮ. ನಾನು ಮಾತ್ರ ಬೈಯುವುದನ್ನು ಬಿಡಲಿಲ್ಲ.

ಹುಮನಾಬಾದಿನ ಬಸ್‌ಸ್ಟ್ಯಾಂಡ್ ಹಿಂದೆ ಮೋಟಾರ್ ಸೈಕಲ್ಲುಗಳಿಗೆ ಸೀಟ್ ಕವರ್ ಹೊಲಿಯುವ ಅಂಗಡಿ ಇವರದು. ಅಂಗಡಿಯ ಹಿಂದಿನ ಎರಡು ಖೋಲಿಯೇ ನಮ್ಮ ಮನೆ. ಹಿಂದಿನ ಖೋಲಿಯಲ್ಲಿ ನಾನು ಓಣಿಯ ಹೆಂಗಸರಿಗೆ ಜಂಪರ್ ಹೊಲಿಯುತ್ತೇನೆ. ಅತ್ತೆ ಕಮಳಾಬಾಯಿ ನಡುವಿನ ಬಾಗಿಲಲ್ಲಿ ಕುಳಿತು ಎರಡೂ ಕಡೆಯ ಗಿರಾಕಿಗಳನ್ನು ಮಾತಾಡಿಸುತ್ತಾರೆ. ಹೀಗೆ ನಮ್ಮ ಮನೆಯಲ್ಲಿ ಸದ್ದಿಗೆ ಕೊರತೆ ಇಲ್ಲ. ಅದರ ಮೇಲೆ ಗಿಟಾರು.

ಇವರು ಹುಟ್ಟಿದ್ದು ದುಬಲಗುಂಡಿಯಲ್ಲಿ. ಹರೆಯದಲ್ಲಿ ಅಲ್ಲಿಯ ಭೀಮಗೀತೆಯ ತಂಡದಲ್ಲಿ ತಾಳ ಹಾಕುತ್ತಿದ್ದರಂತೆ. ಒಂದು ಏಪ್ರಿಲ್‌ನಲ್ಲಿ ಭೀಮಜಯಂತಿಗೆ ಹೈದರಾಬಾದಿನಿಂದ ಬಂದ ವಾದ್ಯದವನೊಬ್ಬ ಕತ್ತು ಮುರಿದ ಗಿಟಾರನ್ನು ಅಲ್ಲೇ ಬಿಟ್ಟು ಹೋದ. ಇವರು ಅದಕ್ಕೆ ಅಂಟು ಹಚ್ಚಿ, ಸೀಟು ಹೊಲಿಯುವ ದಪ್ಪ ದಾರ ಸುತ್ತಿ, ಯಾರ ಹತ್ತಿರವೂ ಕಲಿಯದೆ ಕಲಿತರು. ಸ್ವರ ಬರೆಯಲು ಬರುವುದಿಲ್ಲ, ಬರೆದಿದ್ದನ್ನು ಓದಲೂ ಬರುವುದಿಲ್ಲ. ಹಾಡು ಕೇಳುವುದು, ನಿಲ್ಲಿಸುವುದು, ತಂತಿಯ ಮೇಲೆ ಬೆರಳಿಟ್ಟು ಹುಡುಕುವುದು, ಮತ್ತೆ ಕೇಳುವುದು. ಸ್ವಂತದ ಒಂದು ಸ್ವರ ಸೇರಿಸುವವರಲ್ಲ. ಕಾರ್ಯಕ್ರಮ ಮುಗಿದ ಮೇಲೆ ಯಾರಾದರೂ ಬಂದು, “ಥೇಟ್ ರೆಕಾರ್ಡಿನ ಹಾಂಗ ಬಾರ್ಸಿದ್ರಿ ನೋಡ್ರಿ” ಅಂದರೆ ಮುಗಿಯಿತು, ಆ ವಾರವೆಲ್ಲ ನಾನು ಏನು ಬೈದರೂ ಇವರಿಗೆ ಕೇಳಿಸುತ್ತಿರಲಿಲ್ಲ. ಥೇಟ್ ಎಂಬ ಆ ಒಂದು ಶಬ್ದ ಇವರಿಗೆ ಊಟಕ್ಕಿಂತ ಹೆಚ್ಚಾಗಿತ್ತು.

ಇವರ ಆರ್ಕೆಸ್ಟ್ರಾ ಬಸವಕಲ್ಯಾಣದ್ದು. ಹೆಸರು ನವರಂಗ ಮೆಲೋಡೀಸ್. ನನ್ನ ತವರೂ ಅದೇ ಊರು, ಹಾಗಾಗಿ ಅದರ ಮಾಲಕ ಮೊಹಿನುದ್ದೀನ್ ಭಾಯ್ ನನಗೂ ಪರಿಚಯ. ಕೀಬೋರ್ಡ್ ಅವರೇ ನುಡಿಸುತ್ತಾರೆ. ಮದುವೆ, ಹುಟ್ಟುಹಬ್ಬ, ಗಣಪತಿ, ಜಯಂತಿ, ಎಲ್ಲಿ ಕರೆದರೂ ಹೋಗಿ ಹಳೆಯ ಹಾಡುಗಳನ್ನು ಇದ್ದದ್ದು ಇದ್ದ ಹಾಗೆ ನುಡಿಸಿ ಬರುವುದು ಅವರ ಕೆಲಸ. ಮೊದಲು ಅದರಲ್ಲಿ ಸ್ಟೇಜ್ ತುಂಬ ಜನ ಇದ್ದರು. ಆಮೇಲೆ ಟ್ರ್ಯಾಕ್ ಬಂತು. ಹಾಡುವವರ ದನಿಯೊಂದನ್ನು ಬಿಟ್ಟು ಉಳಿದ ವಾದ್ಯಗಳನ್ನೆಲ್ಲ ತುಂಬಿಟ್ಟ ಸಂಗೀತ ಅದು. ಲ್ಯಾಪ್‌ಟಾಪಿನಲ್ಲಿ ಒಂದು ಬಟನ್ ಒತ್ತಿದರೆ ಸಾಕು. ಡ್ರಮ್ಸ್ ಬಾರಿಸುತ್ತಿದ್ದ ಫೈಜಲ ಈಗ ಮಾಣಿಕನಗರದಲ್ಲಿ ಆಟೋ ಓಡಿಸುತ್ತಾನೆ. ಢೋಲಕಿನವನು ಎಲ್ಲಿ ಹೋದನೋ ಗೊತ್ತಿಲ್ಲ. ಮೊಹಿನುದ್ದೀನ್ ಭಾಯ್, ಹಾಡುವ ವಿದ್ಯಾವತಿ, ನಮ್ಮ ಇವರು, ಇಷ್ಟೇ ಉಳಿದದ್ದು. ಗಿಟಾರಿನ ಹಾಡುಗಳಿಗೆ ಮಾತ್ರ ಟ್ರ್ಯಾಕ್ ಹಾಕದೆ ಉಳಿದ ವಾದ್ಯಗಳನ್ನು ಭಾಯ್ ಕೀಬೋರ್ಡಿನಲ್ಲೇ ನುಡಿಸುತ್ತಾರೆ.

ಮೊಹಿನುದ್ದೀನ್ ಭಾಯ್ ಕೆಟ್ಟವರೇನಲ್ಲ. ಆದರೆ ಅವರದೊಂದು ಕಾಯಿದೆ ಇತ್ತು. ಒಮ್ಮೆ ಒಂದು ಮದುವೆಯಲ್ಲಿ ಇವರು ಹಾಡಿನ ಉದ್ದನೆಯ ರೂಪ ಕಲಿತು ಹೋಗಿದ್ದರು, ವಿದ್ಯಾವತಿ ಸಣ್ಣದನ್ನು ಕಲಿತು ಬಂದಿದ್ದಳು. ಆಕೆ ಹಾಡಿ ಮುಗಿಸಿ ನೀರು ಕುಡಿಯುತ್ತಿದ್ದರೂ ಇವರು ಬಾರಿಸುತ್ತಲೇ ಇದ್ದರಂತೆ. ಅಂದಿನಿಂದ ಮೊಹಿನುದ್ದೀನ್ ಭಾಯ್ ಪ್ರತಿ ಹಾಡಿಗೂ ಒಂದು ಲಿಂಕ್ ಹುಡುಕಿ ವಾಟ್ಸಾಪ್ ಗ್ರೂಪಿನಲ್ಲಿ ಹಾಕುತ್ತಾರೆ. ಎಲ್ಲರೂ ಅದನ್ನೇ ಕೇಳಿ ಕಲಿಯಬೇಕು, ಬೇರೆ ಎಲ್ಲಿಯೂ ಕೇಳಬಾರದು. “ಲಿಂಕ್ ಅಂದ್ರ ಲಿಂಕ್,” ಅನ್ನುವರು. ಇವರಿಗೂ ಅದು ವೇದವಾಕ್ಯ.

ಮಳೆ ನಿಂತು ಬಿಸಿಲು ಬಿದ್ದ ಒಂದು ದಿನ ಮೊಹಿನುದ್ದೀನ್ ಭಾಯ್ ಗಾಡಿಯ ಸೀಟು ಹರಿದಿದೆ ಎಂದು ನೆಪ ಮಾಡಿಕೊಂಡು ಅಂಗಡಿಗೆ ಬಂದರು. ನಾನು ಚಹಾ ತಂದೆ.

“ಉತ್ತಮ್ ಭಾಯ್, ಬಸವಕಲ್ಯಾಣದಾಗ ಶರಣಕುಮಾರ ಸಾಹುಕಾರರ ಕಾರ್ಯಕ್ರಮ ಬಂದದ. ಅವರ ತಾಯಿಗೆ ಎಪ್ಪತ್ತೈದು ತುಂಬ್ತಾವ. ಒಂದ್ ಹಾಡು ಆ ತಾಯಿದೇ ಫರ್ಮಾಯಿಶ್, ಅವರೇ ಕೇಳ್ಯಾರ. ಲಿಂಕ್ ಹಾಕೀನಿ. ಅದರಾಗಿನ ಪೀಸ್ ಕ್ಲೀನ್ ಬರಬೇಕು.”

“ಬರ್ತದ,” ಅಂದರು ಇವರು.

“ಭಾಲ್ಕಿ ಕಾರ್ಯಕ್ರಮಕ್ಕೂ ಹಿಂಗೇ ಅಂದಿದ್ರಿ.”

ಇವರು ತಲೆ ತಗ್ಗಿಸಿದರು. ಭಾಲ್ಕಿಯಲ್ಲಿ ಇವರ ಬೆರಳು ಜಾರಿ ಪೀಸ್ ಕೆಟ್ಟಿತ್ತು. ಹುಡುಗರು ಅದನ್ನು ಮೊಬೈಲಿನಲ್ಲಿ ಹಿಡಿದು, ಕೋಳಿ ಕೂಗಿದ ಸದ್ದು ಸೇರಿಸಿ, ರೀಲ್ಸ್ ಮಾಡಿ ಬಿಟ್ಟಿದ್ದರು. ಅದು ಸುತ್ತಿ ಸುತ್ತಿ ನಮ್ಮ ಓಣಿಗೂ ಬಂದಿತ್ತು.

“ಬುರಾ ಮಾನಬ್ಯಾಡ್ರಿ,” ಅಂದರು ಮೊಹಿನುದ್ದೀನ್ ಭಾಯ್. “ನಾ ಸಾಫ್ ಮಾತಾಡ್ತೀನಿ. ಈ ಪೀಸ್ ಬಂತು, ನೀವು ಇರ್ತೀರಿ. ಬರಲಿಲ್ಲ, ಮುಂದ ಎಲ್ಲಾ ಕಾರ್ಯಕ್ರಮಕ್ಕೂ ಟ್ರ್ಯಾಕೇ. ಜನಕ್ಕ ರೆಕಾರ್ಡಿನ ಹಾಂಗ ಬೇಕು, ನಾ ಏನ್ ಮಾಡ್ಲಿ?”

ಅವರು ಹೋದ ಮೇಲೆ ನನಗೆ ಮೈಯೆಲ್ಲ ಉರಿಯಿತು. “ಹೋಗ್ಲಿ ಬಿಡ್ರಿ ಆ ಹಾಳಾದ ಆರ್ಕೆಸ್ಟ್ರಾ. ಅಂಗಡಿ ಇಲ್ಲೇನು ನಿಮಗ?” ಅಂದೆ.

“ಬಿಟ್ಟು ಏನ್ ಮಾಡ್ಲಿ? ಸೀಟ್ ಹೊಲ್ಕೋಂತ ಕೂಡ್ಲೇನು?”

“ಈಗ ಹೊಲಿಯೂದಿಲ್ಲೇನು?”

“ಅದು ಯಾರು ಹೊಲದ್ರೂ ನಡೀತದ, ಮನೀಷಾ,” ಅಂದರು. ಸಿಟ್ಟಿನಿಂದಲ್ಲ, ಬಹಳ ಮೆಲ್ಲಗೆ ಅಂದರು. ನಾನು ಆಮೇಲೆ ಆ ಮಾತು ಎತ್ತಲಿಲ್ಲ.

ಹಾಗೆ ಆ ಪೀಸ್ ನಮ್ಮ ಮನೆಗೆ ಬಂತು. ಬೆಳಿಗ್ಗೆ ನಾನು ರೊಟ್ಟಿ ಬಡಿಯುವಾಗ ಅದೇ, ಅತ್ತೆ ಸ್ನಾನಕ್ಕೆ ಹೋದರೆ ಅದೇ, ಗಿರಾಕಿ ಬಂದು ನಿಂತರೂ ಅದೇ. ಶುರುವಿನ ನಾಲ್ಕಾರು ಸ್ವರ ಚೆನ್ನಾಗಿ ಬರುತ್ತಿದ್ದವು. ಆಮೇಲೆ ಒಂದು ಜಾಗದಲ್ಲಿ ಬಂಡಿ ಹಳ್ಳಕ್ಕೆ ಬಿದ್ದ ಹಾಗೆ ನಿಲ್ಲುತ್ತಿತ್ತು. ಗಿಟಾರಿನ ಕತ್ತಿನ ಮೇಲೆ ಅಡ್ಡಕ್ಕೆ ಬಡಿದ ಗೆರೆಗಳ ನಡುವಿನ ಜಾಗಕ್ಕೆ ಇವರು ಮನೆ ಅನ್ನುತ್ತಾರೆ. ತೋರುಬೆರಳು ಮೊದಲನೆಯ ಮನೆಯಲ್ಲಿ ಒತ್ತಿ ಹಿಡಿದಿರುವಾಗಲೇ ಕಿರುಬೆರಳು ಐದನೆಯ ಮನೆಗೆ ಚಾಚಬೇಕಂತೆ, ಅದೂ ಕಣ್ಣು ಮಿಟುಕಿಸುವುದರೊಳಗೆ. ಇವರ ಬೆರಳು ಮೋಟು. ರೆಗ್ಜಿನ್ ಎಳೆದು ಎಳೆದು ಗಟ್ಟಿಯಾದ ಬೆರಳು. ಚಾಚಿದರೆ ನಾಲ್ಕನೆಯ ಮನೆಯ ಅಂಚಿಗೆ ಮುಟ್ಟಿ ತಂತಿ ಬರೇ ಬುರ್ ಅನ್ನುತ್ತಿತ್ತು.

“ಏ ಉತ್ತಮಾ, ದಿನಾ ಅಲ್ಲಿತನ ಬಂದು ಯಾಕ ನಿಂದರ್ತಿ? ಮುಂದ ಹೋಗಬಾರದೇನು?” ಎಂದು ಅತ್ತೆ ಬಾಗಿಲಿನಿಂದ ಕೇಳುವರು.

“ಹೋಗಾಕ ಬರವಲ್ದು, ಅವ್ವ.”

“ಮತ್ತ ಬ್ಯಾರೆ ದಾರಿಲೆ ಹೋಗು.”

“ಬ್ಯಾರೆ ದಾರಿಲೆ ಹೋದ್ರ ರೆಕಾರ್ಡಿನ ಹಾಂಗ ಆಗಂಗಿಲ್ಲ.”

ನನಗಂತೂ ಆ ಪೀಸ್ ಬಾಯಿಪಾಠ ಆಗಿಬಿಟ್ಟಿತು. ಇವರು ಆ ಜಾಗದಲ್ಲಿ ನಿಂತರೆ ಮುಂದಿನದು ನನ್ನ ತಲೆಯಲ್ಲಿ ತಾನೇ ಓಡಿ ಮುಗಿಯುತ್ತಿತ್ತು. ಹೊಲಿಗೆ ಮಷೀನ್ ತುಳಿಯುವ ಕಾಲೂ ಅದೇ ಲಯಕ್ಕೆ ಬೀಳುತ್ತಿತ್ತು. ಅಲ್ಲಿ ಅಂಗಡಿಯಲ್ಲಿ ಇವರ ಕೆಲಸ ಹಾಳಾಗತೊಡಗಿತು. ಮಡೆಪ್ಪ ಎಂಬ ಗಿರಾಕಿ ಬಂದು ಗಾಡಿಯ ಸೀಟು ತೋರಿಸಿ, “ಉತ್ತಮಣ್ಣ, ನಾ ಇನ್ನ ಹಿಂದಮುಂದಾಗಿ ಕುಂತು ಗಾಡಿ ಹೊಡೀಬೇಕೇನು?” ಅಂದ. ನೋಡಿದರೆ ಕವರನ್ನು ಹಿಂದಿನದು ಮುಂದಕ್ಕೆ ಮಾಡಿ ಹೊಲಿದಿದ್ದರು. ಮಡೆಪ್ಪ ನಕ್ಕ, ನಾನೂ ನಕ್ಕೆ. ಇವರು ನಗಲಿಲ್ಲ. ಸುಮ್ಮನೆ ಕವರ್ ಬಿಚ್ಚತೊಡಗಿದರು.

ಒಂದು ಮಧ್ಯಾಹ್ನ ಅಂಗಡಿಯಿಂದ ಧಡ್ ಧಡ್ ಎಂಬ ಸದ್ದು ಬಂತು. ಓಡಿ ಹೋದೆ. ಇವರು ಎಡಗೈಯನ್ನು ಮಷೀನಿನ ಹಲಗೆಗೆ ಬಡಿಯುತ್ತಿದ್ದರು. ನಾನು ಹಿಡಿದುಕೊಂಡೆ. ಕೈ ಬಿಸಿಯಾಗಿತ್ತು, ಕಿರುಬೆರಳಿನ ಬುಡ ಊದಿಕೊಂಡಿತ್ತು.

“ಹುಚ್ಚು ಹಿಡದದೇನು ನಿಮಗ?”

“ಕೈ ಸತ್ತದ ಮನೀಷಾ. ಕಿವಿ ಬರೋಬರ್ ಅದ, ಕೈ ಸತ್ತದ. ಇನ್ನ ಆಗಂಗಿಲ್ಲ ನನ್ನ ಕೈಲೆ. ನಾ ಮುಗದೆ.” ಹಾಗೆ ಹೇಳುತ್ತ ಅತ್ತೇಬಿಟ್ಟರು. ಗಿರಾಕಿ ಬರುವ ಹೊತ್ತು, ಶೆಟರ್ ಪೂರಾ ತೆರೆದಿದೆ, ರಸ್ತೆಯ ಜನ ನೋಡುತ್ತಿದ್ದಾರೆ. ಇವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.  ಏನು ಮಾಡಬೇಕೋ ತಿಳಿಯದೆ ಇನ್ನಷ್ಟು ಬೈದೆ. ಆಮೇಲೆ ಬಿಸಿನೀರು ಕಾಸಿ ತಂದು ಕೈ ಅದ್ದಿಸಿ ಕುಳಿತೆ. 

ಕಾರ್ಯಕ್ರಮ ಇನ್ನು ಮುಂದಿನ ಭಾನುವಾರ ಅನ್ನುವಾಗ ಇವರು ಜಳಕಕ್ಕೆ ಹೋದರು. ಮೊಬೈಲನ್ನು ನನ್ನ ಮಷೀನಿನ ಪಕ್ಕದಲ್ಲಿ ಬಿಟ್ಟಿದ್ದರು, ಹಾಡು ಓಡುತ್ತಿತ್ತು. ಯಾವಾಗಲೂ ಇವರು ಪೀಸನ್ನಷ್ಟೇ ತಿರುತಿರುಗಿ ಹಾಕುತ್ತಿದ್ದರು, ಅದು ಮುಗಿದ ಕೂಡಲೇ ಹಿಂದಕ್ಕೆ ಎಳೆಯುತ್ತಿದ್ದರು. ಅಂದು ಎಳೆಯುವವರಿಲ್ಲದೆ ಹಾಡು ಮುಂದೆ ಹೋಯಿತು, ಹಾಡುವವಳ ದನಿ ಬಂತು. ನಾನು ಕಾಲು ನಿಲ್ಲಿಸಿದೆ. ತವರಿನಲ್ಲಿ ನನ್ನಪ್ಪನ ರೇಡಿಯೋದಲ್ಲಿ ಆ ಹಾಡು ಕೇಳುತ್ತ ಬೆಳೆದವಳು ನಾನು. ಆ ದನಿ ತುಂಬಿದ ಕೊಡದಂತೆ ಗಂಭೀರವಾಗಿತ್ತು. ಇದು ಯಾವುದೋ ಚುರುಕು ಹುಡುಗಿಯ ದನಿ.

ಇವರು ತಲೆ ಒರೆಸಿಕೊಳ್ಳುತ್ತ ಬಂದರು. “ಏನ್ರಿ, ಈ ಫೋನ್‌ದಾಗ ಆಕಿ ದನಿ ಯಾಕ ಇಷ್ಟ್ ಸಣ್ಣ ಆಗ್ಯದ?” ಎಂದೆ.

“ಆಕಿ ದನಿ ಹಾಂಗೇ ಅದ.”

“ಹಾಂಗೆಲ್ಲದ? ನಮ್ಮಪ್ಪನ ರೇಡಿಯೋದಾಗ ಹಿಂಗ ಇರಲಿಲ್ಲ. ಯಾರೋ ಬೆನ್ನ ಹತ್ತಿದ ಹಾಂಗ ಓಡಾಕತ್ತಾಳಲ್ಲ ಈಕಿ!”

“ಲಿಂಕ್‌ದಾಗ ಇದ್ದದ್ದೇ ಖರೇ,” ಅಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಮೊಬೈಲ್ ತೆಗೆದು ಅದೇ ಹಾಡನ್ನು ಬೇರೆ ಕಡೆ ಹುಡುಕಿದೆ. ಕ್ಯಾಸೆಟ್ ಕಂಪನಿಯವರೇ ಹಾಕಿದ್ದು ಸಿಕ್ಕಿತು. ಎರಡೂ ಮೊಬೈಲನ್ನು ಅರ್ಧ ಹೊಲಿದ ಜಂಪರಿನ ಮೇಲೆ ಅಕ್ಕಪಕ್ಕ ಇಟ್ಟು ಒಟ್ಟಿಗೇ ಒತ್ತಿದೆ.

ಅವ್ವಾ! ಇವರದು ಮುಂದೆ ಓಡಿತು, ನನ್ನದು ಹಿಂದೆ ಉಳಿಯಿತು. ಇವರದು ಮೇಲೆ, ನನ್ನದು ಕೆಳಗೆ. ಎರಡೂ ಸೇರಿ ಕಿವಿಗೆ ಮುಳ್ಳು ಚುಚ್ಚಿದ ಹಾಗೆ ಆಯಿತು. ಇವರು ಒದ್ದೆ ಟವೆಲ್ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಆಮೇಲೆ ಇವರ ಮೊಬೈಲ್ ಬಂದ್ ಮಾಡಿ, ನನ್ನದಕ್ಕೆ ಕಿವಿಗೊಟ್ಟು, ಗಿಟಾರ್ ಎತ್ತಿಕೊಂಡು ಕೆಳಗೆ ಕುಳಿತರು.

“ಬಿಳಿ ಮೂರು,” ಅಂದರು. “ಥೂ, ಇದು ಬಿಳಿ ಮೂರು.”

ನಮ್ಮ ಕಡೆ ಹಾಡುವವರು ಶ್ರುತಿಯನ್ನು ಹಾರ್ಮೋನಿಯಂ ಮೇಲಿನ ಮನೆಗಳಿಂದಲೇ ಹೇಳುವುದು, ಕರಿ ಒಂದು, ಬಿಳಿ ನಾಲ್ಕು ಅಂತ. ಲಿಂಕಿನ ಹಾಡು ಬಿಳಿ ನಾಲ್ಕರಲ್ಲಿತ್ತು, ನಿಜವಾದ ಹಾಡು ಒಂದು ಮನೆ ಕೆಳಗೆ ಮೂರರಲ್ಲಿತ್ತು. ಅಷ್ಟೇ ವ್ಯತ್ಯಾಸ. ಆದರೆ ಬಿಳಿ ಮೂರರಲ್ಲಿ ಗಿಟಾರಿನ ಬಿಟ್ಟ ತಂತಿಗಳೇ ನುಡಿಯುತ್ತವಂತೆ, ತೋರುಬೆರಳು ಒತ್ತಿ ಹಿಡಿಯುವ ಕೆಲಸವೇ ಇಲ್ಲ. ಕಿರುಬೆರಳು ನಾಲ್ಕನೆಯ ಮನೆಗೆ ಹೋದರೆ ಸಾಕು. ಇವರ ಮೋಟು ಬೆರಳು ಅಲ್ಲಿಗೆ ಆರಾಮಾಗಿ ಮುಟ್ಟುತ್ತಿತ್ತು. ಅವತ್ತು ಕೈ ಬಡಿದುಕೊಂಡು ಅತ್ತದ್ದು ಯಾರೋ ಹೆಸರಿಲ್ಲದವನು ಏರಿಸಿಟ್ಟ ಹಾಡಿಗಾಗಿ. ಇವರು ನಕ್ಕರು, ನಗುತ್ತಲೇ ಹಲ್ಲು ಕಚ್ಚಿದರು. ನಾನು ಮೊಹಿನುದ್ದೀನ್ ಭಾಯ್‌ಗೆ ಫೋನ್ ಹಚ್ಚಿಕೊಟ್ಟೆ.

“ಲಿಂಕ್ ಅಂದ್ರ ಲಿಂಕ್, ಉತ್ತಮ್ ಭಾಯ್. ಈಗ ಬದ್ಲ್ ಮಾಡಂಗಿಲ್ಲ,” ಅಂದರು ಅವರು.

“ಲಿಂಕೇ ತಪ್ಪದ ಭಾಯ್! ಓಡಿಸಿ ಹಾಕ್ಯಾರ.”

ಕಂಪನಿಯ ಹಾಡನ್ನು ಗ್ರೂಪಿಗೂ ಹಾಕಿದೆವು. ಅದನ್ನು ಕೇಳಿ ವಿದ್ಯಾವತಿ ದನಿ ಮುದ್ರಿಸಿ ಕಳಿಸಿದಳು. “ಭಾಯ್, ಅದಕ್ಕೇ ನನ್ನ ಗಂಟಲು ಹರಿಯಾಕತ್ತಿತ್ತು! ನಾ ಮುದುಕಿ ಆದ್ನೇನೋ ಅಂತ ಅಂಜಿದ್ದೆ.” ಆಮೇಲೆ ಮೊಹಿನುದ್ದೀನ್ ಭಾಯ್ ಒಪ್ಪಿಕೊಂಡರು. ಕಂಪನಿಯವರ ಕಣ್ಣಿಗೆ ಬಿದ್ದರೆ ತೆಗೆದುಹಾಕುತ್ತಾರೆಂದು ಕೆಲವರು ಹಾಡಿನ ವೇಗ ಸ್ವಲ್ಪ ಏರಿಸಿ ಹಾಕುತ್ತಾರಂತೆ, ಅದು ಅವರಿಗೂ ಗೊತ್ತಿತ್ತು, ನೋಡಿರಲಿಲ್ಲ. ಅವರಿಗೇನು, ಕೀಬೋರ್ಡಿನಲ್ಲಿ ಶ್ರುತಿ ಇಳಿಸುವ ಬಟನ್ ಇದೆ, ಒತ್ತಿದರು, ಮುಗಿಯಿತು.

ಇವರಿಗೆ ಬಟನ್ ಇರಲಿಲ್ಲ. ಕೈ ತಪ್ಪು ದಾರಿಯನ್ನೇ ಕಲಿತು ಕೂತಿತ್ತು, ಮರೆಯೆಂದರೆ ಮರೆಯುತ್ತಿರಲಿಲ್ಲ. ಬೆರಳು ತಾನಾಗಿ ಐದನೆಯ ಮನೆಗೆ ಓಡುತ್ತಿತ್ತು. “ಏನ್ ಮಾಡ್ಲಿ, ಏನ್ ಮಾಡ್ಲಿ,” ಎಂದು ಇವರು ತಮ್ಮ ಬೆರಳಿನ ಜೊತೆಗೇ ಮಾತಾಡುವುದನ್ನು ಕೇಳಿ ನನಗೆ ಹೆದರಿಕೆಯಾಯಿತು. ಅಂಗಡಿಯ ಶೆಟರ್ ಅರ್ಧ ಎಳೆದು ಗಿರಾಕಿಗಳನ್ನು ನಾನೇ ವಾಪಸು ಕಳಿಸಿದೆ. ಒಂದು ಬೆಳಿಗ್ಗೆ ಚಹಾ ಇನ್ನೂ ಕುದಿಯುತ್ತಿತ್ತು. ಪೀಸ್ ಶುರುವಾಯಿತು, ಆ ಜಾಗಕ್ಕೆ ಬಂತು, ದಾಟಿತು, ಮುಂದೆ ಹೋಗಿ ಮುಗಿದೇಬಿಟ್ಟಿತು. ನಾನು ಸೌಟು ಹಿಡಿದು ನಿಂತಲ್ಲೇ ನಿಂತೆ.

“ಅಗಾ, ಇವತ್ತು ಮುಂದ ಹೋಯ್ತು!” ಅಂದರು ಅತ್ತೆ.

ಇವರು ಮತ್ತೊಮ್ಮೆ ಬಾರಿಸಿದರು, ಮತ್ತೆ ಬಂತು. ಕಂಪನಿಯ ಹಾಡಿನ ಮೇಲೆ ಇವರ ಗಿಟಾರ್ ಇಟ್ಟರೆ ಎರಡರ ನಡುವೆ ಕೂದಲು ಹೋಗಲೂ ಸಂದಿಯಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಈರುಳ್ಳಿ ಹೆಚ್ಚುತ್ತಿರಲಿಲ್ಲ, ಹಾಗಾಗಿ ಮುಚ್ಚಿಡಲೂ ಆಗಲಿಲ್ಲ.

ಭಾನುವಾರ ನಾನೂ ಹೊರಟೆ. ಬ್ಯಾಡ ಅಂದರು, ಕೇಳಲಿಲ್ಲ. ಬಸವಕಲ್ಯಾಣದ ಆ ಫಂಕ್ಷನ್ ಹಾಲಿನಲ್ಲಿ ಊಟ ಮುಗಿದು ಜನ ಐಸ್‌ಕ್ರೀಮ್ ಹಿಡಿದು ಕುಳಿತಿದ್ದರು. ಮುಂದಿನ ಸಾಲಿನಲ್ಲಿ ಶರಣಕುಮಾರ ಸಾಹುಕಾರರ ತಾಯಿ ಶಕುಂತಲಾಬಾಯಿ, ಹಣೆಯ ತುಂಬ ವಿಭೂತಿ, ಮಡಿಲಲ್ಲಿ ಹಾರ. ಸ್ಟೇಜಿನ ನಡುವೆ ವಿದ್ಯಾವತಿ, ಒಂದು ಬದಿಗೆ ಕೀಬೋರ್ಡು, ಲ್ಯಾಪ್‌ಟಾಪು, ಮೊಹಿನುದ್ದೀನ್ ಭಾಯ್. ಇವರನ್ನು ಇನ್ನೊಂದು ಬದಿಗೆ ದೊಡ್ಡ ಸ್ಪೀಕರ್ ಡಬ್ಬಿಯ ಹಿಂದೆ ಕೂರಿಸಿದ್ದರು. ನನಗೆ ಇವರ ತಲೆ ಮತ್ತು ಗಿಟಾರಿನ ತುದಿಯಷ್ಟೇ ಕಾಣುತ್ತಿತ್ತು.

ಹಾಡು ಶುರುವಾಯಿತು. ಪಲ್ಲವಿ ಮುಗಿಯಿತು, ಎಲ್ಲ ಸುಮ್ಮನಾಯಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಪೀಸ್ ಬಂತು. ಆ ಜಾಗ ಬಂತು, ಹೋಯಿತು. ಒಂದು ಸ್ವರ ಬುರ್ ಅನ್ನಲಿಲ್ಲ, ಒಂದು ಸ್ವರ ಹಿಂದೆ ಬೀಳಲಿಲ್ಲ. ನನ್ನಪ್ಪನ ರೇಡಿಯೋ ಆ ಹಾಲಿಗೆ ಬಂದು ಕೂತಿತ್ತು. ನಾನು ಜನರ ಕಡೆ ತಿರುಗಿದೆ, ಯಾರಾದರೂ ನೋಡುತ್ತಿದ್ದಾರಾ ಎಂದು. ಒಬ್ಬರೂ ನೋಡುತ್ತಿರಲಿಲ್ಲ. ಐಸ್‌ಕ್ರೀಮ್ ತಿನ್ನುತ್ತಿದ್ದರು, ವಿದ್ಯಾವತಿಯ ವಿಡಿಯೋ ಹಿಡಿಯುತ್ತಿದ್ದರು.

ಹಾಡು ಮುಗಿದ ಕೂಡಲೇ ಶರಣಕುಮಾರ ಸಾಹುಕಾರರು ಎದ್ದು ಮೈಕ್ ತೆಗೆದುಕೊಂಡರು. “ಮೊಹಿನುದ್ದೀನ್ ಭಾಯ್, ಟ್ರ್ಯಾಕ್ ಭಾರೀ ಹುಡುಕೀರಿ! ಆ ಗಿಟಾರಂತೂ ಥೇಟ್ ರೆಕಾರ್ಡಿನ ಹಾಂಗ ಬಂತು ನೋಡ್ರಿ. ನಮ್ಮ ಅವ್ವ ಇನ್ನೊಮ್ಮೆ ಬೇಕು ಅನ್ನಾಕತ್ತಾಳ.”

ಜನ ಚಪ್ಪಾಳೆ ತಟ್ಟಿದರು. ಮೊಹಿನುದ್ದೀನ್ ಭಾಯ್ ಬಾಯಿ ತೆರೆದರು. ಸ್ಪೀಕರ್ ಡಬ್ಬಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಬಗ್ಗಿ, “ಶುಕ್ರಿಯಾ ಸಾಹುಕಾರ್,” ಅಂದರು. ಅಷ್ಟೇ ಅಂದರು.

ಎದ್ದು ಕೂಗಬೇಕು ಅನ್ನಿಸಿತು ನನಗೆ. ಟ್ರ್ಯಾಕ್ ಅಲ್ರಿ, ಅದು ಮನುಷ್ಯ, ನನ್ನ ಗಂಡ, ಬಿಸಿನೀರಿನಾಗ ಕೈ ಅದ್ದಿ ಕೂತವ. ಆದರೆ ಕೂತೇ ಇದ್ದೆ. ಮನೆಯಲ್ಲಿ ಅಷ್ಟು ಹರಿಯುವ ನನ್ನ ಬಾಯಿ ಅಲ್ಲಿ ಒಣಗಿಹೋಯಿತು. ಇವರ ತಲೆ ಮಾತ್ರ ಕಾಣುತ್ತಿತ್ತು. ಆ ತಲೆ ಅಲ್ಲಾಡಲಿಲ್ಲ.

ಹಾಡು ಇನ್ನೊಮ್ಮೆ ಶುರುವಾಯಿತು. ಪಲ್ಲವಿ ಮುಗಿಯಿತು, ಎಲ್ಲ ಸುಮ್ಮನಾಯಿತು, ಪೀಸ್ ಹೊರಟಿತು. ಆ ಜಾಗಕ್ಕೆ ಬಂತು. ಅಲ್ಲಿ ಇವರು ಕೈ ಎತ್ತಿಬಿಟ್ಟರು.

ಇಡೀ ಹಾಲು ಸ್ತಬ್ಧ. ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು. ನನ್ನ ಹಿಂದೆ ಯಾರೋ, “ಕರೆಂಟ್ ಹೋಯ್ತೇನು?” ಅಂದರು. “ಇಲ್ಲ, ಲ್ಯಾಪ್‌ಟಾಪ್ ಹ್ಯಾಂಗ್ ಆಗ್ಯದ,” ಅಂದ ಒಬ್ಬ ಹುಡುಗ. ಮೊಹಿನುದ್ದೀನ್ ಭಾಯ್ “ಬಾರ್ಸ್ರಿ, ಬಾರ್ಸ್ರಿ,” ಎಂದು ಹಲ್ಲಿನೊಳಗೇ ಅನ್ನುತ್ತಿದ್ದರು. ಬೆರಳು ಜಾರಿತೋ, ಕೈ ಸೋತಿತೋ ಎಂದು ನಾನು ಕುತ್ತಿಗೆ ಚಾಚಿ ನೋಡಿದೆ.

ಇವರು ಎದ್ದರು. ಗಿಟಾರ್ ಹಿಡಿದು ಸ್ಪೀಕರ್ ಡಬ್ಬಿಯ ಹಿಂದಿನಿಂದ ಎರಡು ಹೆಜ್ಜೆ ಹೊರಗೆ ಬಂದು, ಎಲ್ಲರಿಗೂ ಕಾಣುವ ಹಾಗೆ ನಿಂತು, ಬಿಟ್ಟ ಸ್ವರದಿಂದಲೇ ಮುಂದಿನದನ್ನು ಬಾರಿಸಿದರು.  ಕೊನೆಯ ಹತ್ತಿರ ಒಂದು ಸ್ವರ ಬುರ್ ಅಂದಿತು. ಇಡೀ ಹಾಲು ಇವರ ಕೈಯನ್ನು ನೋಡುತ್ತಿತ್ತು.

ಶಕುಂತಲಾಬಾಯಿ ಕುರ್ಚಿಯ ಹಿಡಿ ಊರಿ ಎದ್ದು ನಿಂತಿದ್ದರು. “ಅಯ್ಯ ನನ್ನಪ್ಪ, ನೀ ಬಾರ್ಸಾಕತ್ತಿದ್ದೇನು!” ಅಂದರು. “ನಾ ಮಷೀನ್ ಅಂತ ತಿಳ್ಕೊಂಡಿದ್ದೆನಲ್ಲೋ.”

ಇವರು ಆ ತಾಯಿಗೆ ಕೈ ಮುಗಿದರು, ಗಿಟಾರ್ ಕೊರಳಲ್ಲೇ ನೇತಾಡುತ್ತಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಕೈ ತೊಳೆಯುವ ಜಾಗದಲ್ಲಿ ಮೊಹಿನುದ್ದೀನ್ ಭಾಯ್ ಸಿಕ್ಕರು. ಬೈಯಲಿಲ್ಲ. ಕಣ್ಣು ಕೆಂಪಾಗಿತ್ತು. “ಮೊದಲನೇ ಸಲ ಬಾರ್ಸಿದ್ರಲ್ಲ, ಕಸಂ ಸೆ, ಅಂಥಾದ್ದು ನಾ ಜಿಂದಗಿದಾಗ ಕೇಳಿಲ್ಲ,” ಅಂದರು.  “ಆದ್ರ ಟ್ರ್ಯಾಕ್ ನಡುವ ನಿಂದರಂಗಿಲ್ಲ, ಉತ್ತಮ್ ಭಾಯ್.”

“ಹೌದು, ನಿಂದರಂಗಿಲ್ಲ,” ಅಂದರು ಇವರು.

ನಾವು ಬಸ್‌ಸ್ಟ್ಯಾಂಡ್ ಮುಟ್ಟುವುದರೊಳಗೆ ಗ್ರೂಪಿನಿಂದ ಇವರ ಹೆಸರು ತೆಗೆದಿದ್ದರು. ಇವರು ಮೊಬೈಲನ್ನು ನನಗೆ ತೋರಿಸಿ ಜೇಬಿಗೆ ಹಾಕಿಕೊಂಡರು. ಹುಮನಾಬಾದಿನ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಸಸ್ತಾಪುರ ಬಂಗ್ಲಾ ದಾಟಿ ಬಸ್ಸು ಹೈವೇ ಹಿಡಿಯುವವರೆಗೂ ನಾನು ಹೇಗೋ ತಡೆದುಕೊಂಡೆ. ಆಮೇಲೆ ಆಗಲಿಲ್ಲ.

“ಯಾಕ ನಿಂತ್ರಿ? ಬಂದಿತ್ತಲ್ಲ, ಇಡೀ ಬಂದಿತ್ತಲ್ಲ ನಿಮಗ! ಇನ್ನೊಮ್ಮೆ ಹಾಂಗೇ ಬಾರ್ಸಿದ್ರ ಮುಗೀತಿತ್ತು. ನಿಮ್ಮ ಕೈಯಾರೆ ನೀವೇ ಕೆಡಿಸಿಕೊಂಡ್ರಲ್ರಿ!”

ಇವರು ಗಿಟಾರಿನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು. “ಹಾಂಗೇ ಬಾರ್ಸಿದ್ರ ನಾ ಇದ್ದದ್ದು ಯಾರಿಗ್ ಗೊತ್ತಾಗ್ತಿತ್ತು, ಮನೀಷಾ?” ಅಂದರು. “ನಿಂತ ಮ್ಯಾಲೇ ಗೊತ್ತಾತು.”

ನನಗೆ ಅಳು ಬಂತು. ಮುಂದಿನ ಸೀಟಿನವರಿಗೆ ಕೇಳದ ಹಾಗೆ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಇವರ ಎಡಗೈ ಗಿಟಾರಿನ ಚೀಲದ ಮೇಲಿತ್ತು, ಕಿರುಬೆರಳಿನ ಬುಡ ಇನ್ನೂ ಊದಿಕೊಂಡೇ ಇತ್ತು. ನಾನು ಅದರ ಮೇಲೆ ಕೈ ಇಟ್ಟೆ.

ಕಂಡಕ್ಟರ್ ಟಿಕೆಟ್ ಹರಿಯುತ್ತ ಬಂದು ಚೀಲವನ್ನು ಬೆರಳಿನಿಂದ ತಟ್ಟಿದ. “ಏನ್ರಿ ಇದು, ಗಿಟಾರಾ? ಬಾರಸ್ತೀರೇನು?”

ಇವರು ನನ್ನ ಕಡೆ ನೋಡಿದರು. “ಬಾರಸ್ತಾರಲ್ಲ,” ಅಂದೆ ನಾನು ಜೋರಾಗಿ, “ಥೇ...”

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡೆ. ಕಂಡಕ್ಟರ್ ಕಾಯುತ್ತಾ ನಿಂತಿದ್ದ.

“ಬಾರಸ್ತಾರ್ರಿ,” ಅಂದೆ. “ಎರಡು ಹುಮನಾಬಾದ್ ಕೊಡ್ರಿ.”